ರೇಸ್ ಕೈಕೊಟ್ಟ ಮೇಲೆ: ಹ್ಯಾಂಡ್‌ಸೈಕಲ್ ಸವಾರರಿಗೆ

ಹ್ಯಾಂಡ್‌ಸೈಕಲ್ ಎಂದರೆ ಕೈಯಿಂದ ಪೆಡಲ್ ತಿರುಗಿಸಿ ಓಡಿಸುವ ಮೂರು ಚಕ್ರದ ಗಾಡಿ. ಅದರ ರೇಸಿನಲ್ಲಿ ಪೂರ್ತಿ ಮುಗಿಸಿದೆನಲ್ಲ ಎಂಬ ಹಿಗ್ಗು ಒಂದು ಕಡೆ, ಇಷ್ಟು ಹಿಂದೆ ಬಿದ್ದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡೂ ನಿಜ, ಎರಡೂ ಇರಲಿ. ಆದರೆ ಆ ಸಂಜೆಯೇ ‘ನನ್ನ ತೋಳಲ್ಲಿ ಕಸುವಿಲ್ಲ’ ಎಂದು ತೀರ್ಮಾನಿಸಬೇಡಿ. ಸೋತದ್ದು ತೋಳೋ, ಗಾಡಿಯೋ, ಬಿಸಿಲೋ, ಅಳೆದು ನೋಡದೆ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಚರ್ಮ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಇಲ್ಲದವರು ಮನೆ ಸೇರಿದ ಕೂಡಲೇ ಕನ್ನಡಿ ಹಿಡಿದು ಕುಂಡಿ, ಬಾಲಮೂಳೆ, ಹಿಮ್ಮಡಿ ನೋಡಿಕೊಳ್ಳಬೇಕು. ಭಾರ ತೆಗೆದು ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಅಕ್ಕಪಕ್ಕಕ್ಕಿಂತ ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ನೋಡಿ. ಆಗಿದ್ದರೆ ವೈದ್ಯರಿಗೆ ತೋರಿಸಿ. ವಾಸಿಯಾಗುವ ತನಕ ಸೀಟಿನ ಹತ್ತಿರ ಸುಳಿಯಬೇಡಿ.

ಮಾರನೇ ದಿನ ಗಾಡಿ. ಹಿಂದಿನ ಎರಡು ಚಕ್ರ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಟೈರು ಉರುಳುವ ಬದಲು ಉಜ್ಜುತ್ತದೆ. ಎಷ್ಟು ತಿರುಗಿಸಿದರೂ ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ. ಟೆಂಪೋದಲ್ಲಿ ಹೇರಿ ತಂದಾಗ ಹಿಂಚಕ್ರಗಳ ಆಕ್ಸಲ್ ಕೊಳವೆಯನ್ನು ಹಿಡಿದಿರುವ ಕ್ಲ್ಯಾಂಪ್ ತುಸು ತಿರುಗಿದ್ದರೂ, ಮುಂದಿನ ಟೈರನ್ನು ದಪ್ಪದಕ್ಕೆ ಬದಲಿಸಿ ಫ್ರೇಮಿನ ಓರೆ ಬದಲಾಗಿದ್ದರೂ ಹೀಗಾಗುತ್ತದೆ. ಸಮನೆಲದಲ್ಲಿ ಗಾಳಿ ಸರಿಯಾಗಿ ತುಂಬಿ, ಸವಾರರು ಸೀಟಿನಲ್ಲಿದ್ದಾಗಲೇ ಅಳೆಯಿರಿ. ಖಾಲಿ ಗಾಡಿಯ ಅಳತೆ ನಂಬುವಂಥದ್ದಲ್ಲ. ಆಕ್ಸಲ್ ಎತ್ತರದಲ್ಲಿ, ಎರಡೂ ರಿಮ್ಮಿನ ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಬರೆದುಕೊಳ್ಳಿ. ಚಕ್ರ ಅರ್ಧ ಸುತ್ತು ಬರುವಷ್ಟು ಮುಂದೆ ತಳ್ಳಿ, ಅದೇ ಗುರುತುಗಳು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತು ಯಾಕೆಂದರೆ, ರಿಮ್ ಸೊಟ್ಟಗಿದ್ದರೂ ಲೆಕ್ಕ ಕೆಡುವುದಿಲ್ಲ. ವ್ಯತ್ಯಾಸ 2 ಮಿ.ಮೀ. ದಾಟಿದರೆ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಆಕ್ಸಲ್ ಕೊಳವೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಬಿಗಿದು, ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಕೂರುವುದು ಅಪರೂಪ, ಬೇಸರ ಬೇಡ.

ಚೈನು ಸವೆದಿದೆಯೇ ಎಂದೂ ಅಳೆಯಿರಿ. ಚೈನಿನ 24 ಕೊಂಡಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಹೊಸದಿದ್ದಾಗ 304.8 ಮಿ.ಮೀ. ಇರುತ್ತದೆ. ಸವೆದು ಹಿಗ್ಗಿ 306.3 ಮುಟ್ಟಿದ್ದರೆ 11 ಗೇರಿನ ಚೈನು ಬದಲಿಸಿ.

ಇನ್ನು ಬಿಸಿಲು. ಬೆನ್ನುಹುರಿಗೆ ಪೆಟ್ಟು ಬಿದ್ದ ಮಟ್ಟದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈಕಾವು ಏರುತ್ತಲೇ ಹೋಗುತ್ತದೆ. ಕೊನೆಯಲ್ಲಿ ಕೈಸೋತು ತಲೆ ಸುತ್ತಿದ್ದರೆ ಅದು ತಯಾರಿಯ ಕೊರತೆಯೇ ಆಗಿರಬೇಕಿಲ್ಲ. ಮುಂದಿನ ಸಲ ಕುಡಿಯುವ ನೀರಿನ ಜೊತೆ ಮುಖ, ಕತ್ತು, ತೋಳಿಗೆ ಸಿಂಪಡಿಸಿಕೊಳ್ಳಲು ಬೇರೆ ಬಾಟಲಿ ಇಡಿ. ಎದೆಯ ಮೇಲ್ಭಾಗದ ಮಟ್ಟದಲ್ಲೋ ಕತ್ತಿನಲ್ಲೋ ಬೆನ್ನುಹುರಿಗೆ ಪೆಟ್ಟಾದವರಿಗೆ ನಾಡಿಬಡಿತವೂ ಪೂರ್ತಿ ಏರುವುದಿಲ್ಲ. ಅವರು ವಾಚಿನ ಅಂಕಿ ನೋಡಿ ‘ನಾನು ಶ್ರಮವೇ ಹಾಕಿಲ್ಲ’ ಎಂದುಕೊಳ್ಳಬಾರದು. ದಣಿವಿಗೆ ತಾವೇ 10ಕ್ಕೆ ಇಷ್ಟು ಎಂದು ಅಂಕ ಕೊಟ್ಟುಕೊಳ್ಳುವುದು ಮೇಲು.

ಫಲಿತಾಂಶದ ಪಟ್ಟಿಯಲ್ಲಿ ವರ್ಗ ನೋಡಿ. ಹ್ಯಾಂಡ್‌ಸೈಕಲ್‌ಗೆ ಎಚ್1ರಿಂದ ಎಚ್5ರ ತನಕ ಐದು ವರ್ಗ; ಅಂಕಿ ಚಿಕ್ಕದಾದಷ್ಟೂ ದೇಹದ ಮಿತಿ ಹೆಚ್ಚು. ಎಚ್5ರವರು ಮಂಡಿಯೂರಿ ಕೂತು ಇಡೀ ಮುಂಡದ ಬಲ ಹಾಕುತ್ತಾರೆ. ಅವರ ಸಮಯದ ಜೊತೆ ಎಚ್2ರ ಸಮಯ ಹೋಲಿಸಿ ನೊಂದುಕೊಳ್ಳುವುದು ನಿಮಗೆ ನೀವೇ ಮಾಡಿಕೊಳ್ಳುವ ಅನ್ಯಾಯ.

ಮತ್ತೆ ರಸ್ತೆಗಿಳಿಯುವಾಗ ಮೈಸೂರಿನವರಿಗೆ ಚಾಮುಂಡಿಬೆಟ್ಟ ಬೇಡ. ಲಲಿತಮಹಲ್ ರಸ್ತೆಯಲ್ಲಿ ಬೆಳಗಿನ ಜಾವ 40 ನಿಮಿಷ, ಮಾತಾಡುತ್ತಾ ಹೋಗುವ ವೇಗ, ಸಾಕು. ಮಂಡ್ಯದ ಕಡೆಯವರು ಸುಗ್ಗಿಯಲ್ಲಿ ರಸ್ತೆ ಮೇಲಿನ ಒಕ್ಕಣೆ ನೋಡಿಕೊಳ್ಳಿ. ಹುರುಳಿ ಸೊಪ್ಪು ಚಕ್ರದ ನಡುವಿನ ಹಬ್‌ಗೆ ಹಗ್ಗದಂತೆ ಸುತ್ತಿಕೊಂಡು ಚಕ್ರ ಹಿಡಿದುಬಿಡುತ್ತದೆ. ಎಳೆದರೆ ಇನ್ನೂ ಬಿಗಿಯುತ್ತದೆ, ಬ್ಲೇಡಿನಿಂದ ಕೊಯ್ದೇ ತೆಗೆಯಬೇಕು. ಕಬ್ಬಿನ ಟ್ರ್ಯಾಕ್ಟರ್ ಚಾಲಕನಿಗೆ ನೆಲಮಟ್ಟದಲ್ಲಿ ಮಲಗಿದ ನೀವು ಕಾಣುವುದಿಲ್ಲ. ಸೀಟಿನ ಹಿಂದೆ ಆಳೆತ್ತರದ ಕೋಲಿಗೆ ಕಿತ್ತಳೆ ಬಾವುಟ ಕಟ್ಟಿ, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.