ಖಳನಿಲ್ಲದ ಡಿಸ್ಟೋಪಿಯಾ: ಕಾಲುವೆ ಊರುಗಳಲ್ಲಿ ನನ್ನ ಅನುಭವ

ಡಿಸ್ಟೋಪಿಯಾ ನಾಟಕ, ಅಂದರೆ ಕೆಟ್ಟು ಹೋದ ಮುಂದಿನ ಕಾಲವನ್ನು ತೋರಿಸುವ ನಾಟಕ, ಹಳ್ಳಿಯಲ್ಲಿ ನಡೆಯುವುದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ರಾಯಚೂರಿನ ಹಿರಿಯ ಕಲಾವಿದರೊಬ್ಬರು ನೇರವಾಗಿಯೇ ಕೇಳಿದ್ದರು: ‘ನಮ್ಮ ಜನಕ್ಕ ಪೌರಾಣಿಕ ಬೇಕು, ಇಲ್ಲಂದ್ರ ಕಂಪನಿ ನಾಟಕದ ಕಾಮಿಡಿ ಬೇಕು. ಇನ್ನೂ ಬರದ ಕಾಲದ ಕಥಿ ಯಾರು ನೋಡ್ತಾರ್ರೀ?’ ಈಗ ಮಾನ್ವಿ, ಸಿರವಾರ, ಸಿಂಧನೂರು ಕಡೆ ಹತ್ತು ಹನ್ನೆರಡು ಊರುಗಳಲ್ಲಿ ಆಡಿದ್ದೇವೆ. ಆಟ ಮುಗಿದ ಮೇಲೂ ಜನ ಎದ್ದು ಹೋಗುವುದಿಲ್ಲ. ನಾಟಕ ಕಟ್ಟುವ ಗೆಳೆಯರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ತಾಲೀಮು, ಮೈಕು, ಲೈಟು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಶುರುವಾಗಿದ್ದು ಓದಿನ ಬಳಗದಿಂದ. ಭಾನುವಾರ ಸಂಜೆ ಏಳೆಂಟು ಜನ ಸೇರುತ್ತಿದ್ದೆವು. ಆರ್ವೆಲ್‌ನ ‘1984’ ಕಥೆಯನ್ನು ನಾನೇ ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ. 1949ರಲ್ಲಿ ಬಂದ ಕಾದಂಬರಿ. ಬರೆದವನು 1903ರಲ್ಲಿ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ ಅಂದಾಗ ಎಲ್ಲರ ಕಿವಿ ನಿಮಿರಿತು. ಮನೆಯೊಳಗೇ ಕೂತು ಜನರನ್ನು ನೋಡುವ ಟೆಲಿಸ್ಕ್ರೀನ್ ಬಂದಾಗ ಒಬ್ಬ ಹುಡುಗ ಹೇಳಿದ: ‘ಸರ್, ಅವರ ಮನಿಗೆ ಸರ್ಕಾರದವ್ರು ತಂದು ಹಾಕಿದ್ರು. ನಾವು ಇಎಂಐ ಕಟ್ಟಿ ನಾವೇ ತಗೊಂಡೀವಿ.’ ಎಂಥ ಮಾತು! ಆದರೆ ಚರ್ಚೆ ಅಲ್ಲಿಗೇ ನಿಂತಿತು. ಕಥೆ ನಡೆಯುವ ಲಂಡನ್ನಿನ ಕಷ್ಟ ಲಂಡನ್ನಿನಲ್ಲೇ ಉಳಿಯಿತು. ರಷ್ಯಾದ ಲೇಖಕ ಜಮ್ಯಾತಿನ್‌ನ ಗಾಜಿನ ಮನೆಗಳ ಊರು, ಹಕ್ಸ್‌ಲಿ 1932ರಲ್ಲಿ ಬರೆದ ಗುಳಿಗೆ ನುಂಗಿ ಖುಷಿಯಾಗಿರುವ ಜನ, ಎಲ್ಲವನ್ನೂ ಹೇಳಿದೆ. ಮೂರ್ನಾಲ್ಕು ತಿಂಗಳಲ್ಲಿ ಬಳಗ ಕರಗಿತು.

ಆಮೇಲೆ ಕಾಲೇಜು ಹುಡುಗರನ್ನು ಕಟ್ಟಿಕೊಂಡು ನಾಟಕ ಮಾಡಿದೆವು. 2090ರ ರಾಯಚೂರು. ಬೆಳ್ಳಿ ಬಣ್ಣದ ಡ್ರೆಸ್ಸು, ಹೆಲ್ಮೆಟ್ಟಿಗೆ ಎಲ್‌ಇಡಿ, ಹೊಗೆ ಮಷಿನ್ನು. ಬಾಡಿಗೆ, ಹೊಲಿಗೆ, ಸೌಂಡು ಸೇರಿ ಹದಿನೆಂಟು ಇಪ್ಪತ್ತು ಸಾವಿರ ಹೋಯಿತು. ಕೈಗೆ ವಾಪಸ್ ಬಂದದ್ದು ನಾಲ್ಕು ಸಾವಿರದ ಹತ್ತಿರ. ಮಕ್ಕಳು ಹೆಲ್ಮೆಟ್ ನೋಡಿ ನಕ್ಕರು, ದೊಡ್ಡವರು ಊಟಕ್ಕೆ ಎದ್ದರು.

ಮೂರನೆಯದು ಹೆಚ್ಚು ಪಾಠ ಕಲಿಸಿತು. ಆ ನಾಟಕದಲ್ಲಿ ಒಬ್ಬ ದುಷ್ಟ ಮಂತ್ರಿ ಇದ್ದ. ನೀರು, ಅಕ್ಕಿ, ಪೇಪರು, ಪೊಲೀಸ್, ಎಲ್ಲವೂ ಅವನ ಮುಷ್ಟಿಯಲ್ಲಿ. ಜನ ಖುಷಿಯಿಂದ ಬೈದರು, ಅವನು ಸತ್ತಾಗ ಸೀಟಿ ಹೊಡೆದರು, ನೆಮ್ಮದಿಯಾಗಿ ಮನೆಗೆ ಹೋದರು. ಚಪ್ಪಾಳೆ ಬಂತು, ಆದರೆ ಕೆಲಸ ಆಗಲಿಲ್ಲ. ಖಳ ಒಬ್ಬ ಸಿಕ್ಕಿಬಿಟ್ಟರೆ ನೋಡುವವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ. ಇಂಥ ಕಥೆಗಳಲ್ಲಿ ನಿಜಕ್ಕೂ ಹೆದರಿಕೆ ಹುಟ್ಟಿಸುವುದು ಸರ್ವಾಧಿಕಾರಿಯ ಮೀಸೆ ಅಲ್ಲ. ಸಾಮಾನ್ಯ ಜನ ಒಂದೊಂದೇ ನಿಯಮಕ್ಕೆ ತಲೆಯಾಡಿಸುತ್ತಾ ಅಲ್ಲಿಗೆ ಬಂದು ಮುಟ್ಟಿದ್ದು.

ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 1985ರ ತಮ್ಮ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಗೆ ಒಂದು ಕಟ್ಟು ಹಾಕಿಕೊಂಡಿದ್ದರು: ಮನುಷ್ಯರು ಎಲ್ಲೋ ಯಾವಾಗಲೋ ಮಾಡಿರದ ಯಾವುದನ್ನೂ ಕಥೆಯೊಳಗೆ ತರುವುದಿಲ್ಲ ಅಂತ. ನಾನು ಅದನ್ನು ಇನ್ನೂ ಬಿಗಿ ಮಾಡಿದೆ. ನಮ್ಮ ತಾಲೂಕಿನಲ್ಲಿ ಈಗಾಗಲೇ ಇರುವುದನ್ನೇ ತಗೊಳ್ಳಬೇಕು, ಒಂದೇ ಹೆಜ್ಜೆ ಮುಂದೆ ತಳ್ಳಬೇಕು. ಎರಡು ಹೆಜ್ಜೆ ತಳ್ಳಿದರೆ ಅದು ಮತ್ತೆ ಹೆಲ್ಮೆಟ್ ನಾಟಕ.

ನಮ್ಮಲ್ಲಿ ಇರುವುದೇನು? ತುಂಗಭದ್ರಾ ಎಡದಂಡೆ ಕಾಲುವೆ. ಮೇಲಿನವರು ಭತ್ತ ಹಚ್ಚಿ ನೀರು ಎಳೆದರೆ ಕೊನೆ ಭಾಗದವರಿಗೆ ಗೇಜ್ (ನೀರಿನ ಮಟ್ಟ) ಏರುವುದಿಲ್ಲ. ತೂಬಿನ ಹತ್ತಿರ ರಾತ್ರಿ ಕಾವಲು, ಜಗಳ, ಕಾಲುವೆ ಗುಂಟ ನಿಷೇಧಾಜ್ಞೆ, ಎಲ್ಲ ನೋಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಇಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ರೇಷನ್ನಿಗೆ ಹೆಬ್ಬೆಟ್ಟು ಕೊಡುತ್ತೇವೆ, ಸವೆದ ಬೆರಳನ್ನು ಮಷಿನ್ನು ಗುರುತು ಹಿಡಿಯದೆ ಮುದುಕರು ವಾಪಸ್ ಬರುವುದು ಎಲ್ಲರಿಗೂ ಗೊತ್ತು. ನರೇಗಾ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಫೋಟೊ ಹೊಡೆಯುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಸಾಮಾನು ಇಷ್ಟು ಸಾಕು.

ಈಗ ಆಡುವ ಆಟದ ಚೌಕಟ್ಟು ದೊಡ್ಡಾಟದ್ದು, ಅಂದರೆ ನಮ್ಮ ಕಡೆಯ ಬಯಲಾಟದ್ದು. ಸಾರಥಿ ಇದ್ದಾನೆ, ಬಂದ ಪಾತ್ರಗಳನ್ನು ‘ತಾವು ಯಾರು, ಯಾವ ಊರು, ಬಂದ ಕಾರಣವೇನು’ ಅಂತ ಮಾತಾಡಿಸುತ್ತಾನೆ. ಬರುವವನು ಒಬ್ಬ ಮೆತ್ತಗಿನ ಸಾಹೇಬ. ಗದರುವುದಿಲ್ಲ, ಲಂಚ ಕೇಳುವುದಿಲ್ಲ. ಊರಿಗೆ ಒಂದೊಂದೇ ನಿಯಮ ತರುತ್ತಾನೆ. ಪ್ರತಿ ನಿಯಮಕ್ಕೂ ಆಟ ನಿಲ್ಲಿಸುತ್ತೇವೆ. ಒಪ್ಪಿದವರು ಕೈ ಎತ್ತಬೇಕು. ಎಣಿಸಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಬರೆದದ್ದನ್ನು ಅಳಿಸುವ ಹಾಗಿಲ್ಲ.

ಮೊದಲನೆಯದು: ನೀರು ಕದಿಯುವುದನ್ನು ತಡೆಯಲು ಪ್ರತಿ ತೂಬಿಗೂ ಕ್ಯಾಮೆರಾ. ಕೊನೆ ಭಾಗದ ಊರುಗಳಲ್ಲಿ ಕೈ ಎತ್ತದವರೇ ಇಲ್ಲ, ಕೆಲವರು ಎರಡೂ ಕೈ ಎತ್ತುತ್ತಾರೆ. ಎರಡನೆಯದು: ತೂಬು ಎತ್ತುವವರು ಹೆಬ್ಬೆಟ್ಟು ಕೊಡಬೇಕು. ಇನ್ನೂರು ಜನರಲ್ಲಿ ನೂರೈವತ್ತು ಕೈ ಬರುತ್ತವೆ. ಮೂರನೆಯದು: ಕಳ್ಳತನ ತಿಳಿಸಿದವರಿಗೆ ಒಂದು ದಿನ ಮುಂಚೆ ನೀರು. ಇಲ್ಲಿ ಗುಸುಗುಸು ಶುರು, ಅರ್ಧಕ್ಕರ್ಧ ಕೈ ಇಳಿಯುತ್ತವೆ. ನಾಲ್ಕನೆಯದು: ಕಳ್ಳನ ಪರ ಮಾತಾಡಿದವರ ನೀರಿನ ಪಾಳಿ ಒಂದು ಸಲ ತಡೆ. ಇಪ್ಪತ್ತು ಮೂವತ್ತು ಕೈ. ಐದನೆಯದನ್ನು ಸಾಹೇಬ ಓದುವುದೇ ಇಲ್ಲ. ಆಫೀಸಿನ ಮುಂದೆ ಧರಣಿ ಕೂತ ರೈತನ ಫೋನಿಗೆ ಮೆಸೇಜು ಬರುತ್ತದೆ, ಅಷ್ಟೇ: ‘ನಿಮ್ಮ ನೀರು ಪರಿಶೀಲನೆಯಲ್ಲಿದೆ.’ ಇಲ್ಲ ಅಂತ ಯಾರೂ ಹೇಳಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ.

ಆಗ ಸಾರಥಿ ಹಲಗೆ ತೋರಿಸಿ ಕೇಳುತ್ತಾನೆ: ‘ಐದನೆಯದು ಬೇಡ ಅಂದ್ರ ಯಾವುದನ್ನ ಅಳಿಸಬೇಕ್ರಿ?’ ಅಲ್ಲಿಂದ ನಮ್ಮ ಕೆಲಸ ಏನೂ ಇಲ್ಲ. ಜನರೇ ಜಗಳ ಆಡುತ್ತಾರೆ. ಒಂದು ಊರಲ್ಲಿ ರಾತ್ರಿ ಒಂದರವರೆಗೂ ನಡೆಯಿತು. ಒಬ್ಬ ಅವ್ವ ಎದ್ದು ನಿಂತು, ‘ಕ್ಯಾಮೆರಾ ಇರಲಿ. ಅದರಾಗ ಕಂಡಿದ್ದು ನಮಗೂ ಕಾಣಬೇಕು, ಬರೀ ಅವರಿಗ್ಯಾಕ?’ ಅಂದಳು. ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕೂತಿದ್ದೇನೆ, ಇಷ್ಟು ನೆಟ್ಟಗೆ ಯಾರೂ ಕೇಳಿದ್ದನ್ನು ಕಂಡಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸನ್ನು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಅಂತ ನಾನು ಇದೇ ಹೊತ್ತಿನಲ್ಲಿ ಹೇಳುತ್ತೇನೆ. ಮೊದಲೇ ಹೇಳಿದರೆ ಪಾಠ ಆಗುತ್ತದೆ, ಆಗ ಹೇಳಿದರೆ ಜನ ಹೆಸರು ಬರೆದುಕೊಳ್ಳುತ್ತಾರೆ.

ತುರ್ತು ಪರಿಸ್ಥಿತಿ ಕಂಡ ಹಿರಿಯರು ಇನ್ನೂ ಇದ್ದಾರೆ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಇಪ್ಪತ್ತೊಂದು ತಿಂಗಳು. ‘ಪೇಪರ್ ಓದಿದ್ರ ಆಗ ದೇಶದಾಗ ಎಲ್ಲಾ ಚಲೋನೇ ಇತ್ತು’ ಅಂತ ಒಬ್ಬ ಯಜಮಾನರು ಅಂದಾಗ ಹುಡುಗರು ಫೋನ್ ಕೆಳಗಿಟ್ಟು ಕೇಳಿದರು. ಹಿರಿಯರನ್ನು ಮುಂದೆ ಕೂರಿಸಿ. ಅವರ ಬಾಯಿ ಬಿಡಿಸುವುದಕ್ಕೆ ನನ್ನದೊಂದು ದಾರಿ ಇದೆ. ಎರಡನೇ ನಿಯಮಕ್ಕೂ ಮೂರನೆಯದಕ್ಕೂ ನಡುವೆ ಸಾರಥಿ ಹೇಳುವ ಇನ್ನೊಂದು ಮಾತಿದೆ, ಕೈಗಳು ಇಳಿಯುವುದೇ ಅದರಿಂದ. ಇವೆರಡನ್ನೂ ಇಲ್ಲಿ ಬರೆಯುವುದಿಲ್ಲ, ಬೇಕಾದವರು ಆಟಕ್ಕೇ ಬನ್ನಿ.

ಖರ್ಚಿನ ಮಾತು. ಈ ನಾಟಕದ ಮೊದಲ ಆಟಕ್ಕೆ ಹನ್ನೆರಡು ಸಾವಿರ ಮುಟ್ಟಿತ್ತು. ಈಗ ಆರೇಳು ಸಾವಿರದಲ್ಲಿ ಮುಗಿಸುತ್ತೇವೆ. ಸೌಂಡಿಗೆ ಮೂರು, ಪೇಟಿ ಮತ್ತು ಮದ್ದಳೆಯವರಿಗೆ ಎರಡು, ಟಂಟಂ ಬಾಡಿಗೆ, ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ. ಪರದೆ ಬೇಡ, ಡ್ರೆಸ್ಸು ಮನೆಯದೇ. ರೊಕ್ಕ ಊರಿನ ಪಟ್ಟಿಯಿಂದಲೇ (ಚಂದಾದಿಂದ) ಎತ್ತುತ್ತೇವೆ, ಹತ್ತಿಪ್ಪತ್ತು ರೂಪಾಯಿ ಕೊಟ್ಟವರೂ ಇದ್ದಾರೆ. ಚುನಾವಣೆ ಹತ್ತಿರ ಬಂದಾಗ ಒಂದು ಪಕ್ಷದವರು ಐವತ್ತು ಸಾವಿರ ಕೊಡುತ್ತೇವೆ, ಹಿಂದೆ ನಮ್ಮ ಫ್ಲೆಕ್ಸ್ ಇರಲಿ ಅಂದರು. ಇನ್ನೊಂದು ಪಕ್ಷದವರು ಸಾಹೇಬನಿಗೆ ತಮ್ಮ ಎದುರಾಳಿಯ ವೇಷ ಹಾಕಿಸಿ ಅಂದರು. ಎರಡೂ ಬಿಟ್ಟೆವು. ಒಂದು ಪಕ್ಷದ ಹೆಸರು ಬಂದ ಕ್ಷಣ ಅರ್ಧ ಊರು ಕೈ ಕಟ್ಟಿ ಕೂರುತ್ತದೆ. ದಿನ ಆರಿಸುವಾಗ ನೀರಿನ ಪಾಳಿ ನೋಡಿ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಅಂದು ಜನ ಸಿಗುತ್ತಾರೆ.

ನಡುನಡುವೆ ಬೇರೆ ಪ್ರಯತ್ನಗಳೂ ಆದವು. ಇದೇ ಕಥೆಯನ್ನು ಮೂರು ನಿಮಿಷದ ಆಡಿಯೋ ಮಾಡಿ ವಾಟ್ಸ್ಆ್ಯಪಿಗೆ ಬಿಟ್ಟೆವು. ಎರಡೇ ದಿನದಲ್ಲಿ ಅದು ಸುದ್ದಿಯಾಗಿ ತಿರುಗಿತು: ‘ನೀರಿಗೂ ಹೆಬ್ಬೆಟ್ಟು ಕೊಡಬೇಕಂತ!’ ಲಿಂಗಸುಗೂರಿನಿಂದ ಫೋನ್ ಬಂತು, ಯಾವಾಗಿನಿಂದ ಅಂತ. ನಾಟಕ ಅಂತ ಹೇಳಿದರೂ ನಂಬಲಿಲ್ಲ, ‘ಆಗೂದಾ ಇರಬೇಕು ಬಿಡ್ರಿ’ ಅಂದರು. ಅಲ್ಲಿಗೆ ಆಡಿಯೋ ನಿಲ್ಲಿಸಿದೆವು. ಬಳ್ಳಾರಿ ಕಡೆಯ ತೊಗಲುಗೊಂಬೆ ಕಲಾವಿದರ ಜೊತೆ ಮುಖವಿಲ್ಲದ ಸಾಹೇಬನ ಗೊಂಬೆ ಮಾಡಿಸಿದೆವು. ನೋಡಲು ಬಲು ಚೆಂದ. ಆದರೆ ಗೊಂಬೆಯಾಟಕ್ಕೆ ಕತ್ತಲೆ ಬೇಕು, ಕತ್ತಲೆಯಲ್ಲಿ ಕೈ ಎಣಿಸಲು ಆಗಲ್ಲ. ಹಕ್ಸ್‌ಲಿ ದಾರಿಯಲ್ಲಿ, ಎಲ್ಲರಿಗೂ ಡೇಟಾ ಫ್ರೀ, ಯಾರಿಗೂ ಬೇಜಾರಿಲ್ಲ ಅನ್ನುವ ಊರಿನ ಆಟ ಇನ್ನೂ ಕೂಡಿಬಂದಿಲ್ಲ. ಹೆದರಿಸುವ ರಾಜ್ಯವನ್ನು ತೋರಿಸುವುದು ಸುಲಭ, ರಮಿಸುವ ರಾಜ್ಯವನ್ನು ತೋರಿಸುವುದು ಕಷ್ಟ.

ಇತ್ತೀಚೆಗೆ ಕಾಲುವೆಯ ಮೇಲ್ಭಾಗಕ್ಕೆ, ಗಂಗಾವತಿ ಕಡೆಯ ಒಂದು ಕ್ಯಾಂಪಿಗೆ (ವಲಸೆ ಬಂದ ರೈತರ ಊರಿಗೆ) ಹೋಗಿದ್ದೆವು. ಅಲ್ಲಿ ಮೊದಲ ನಿಯಮಕ್ಕೇ ಕೈ ಬರಲಿಲ್ಲ, ಬಂದದ್ದು ಹತ್ತೋ ಹದಿನೈದೋ. ‘ಕ್ಯಾಮೆರಾ ಹಾಕಿದ್ರೆ ನಮ್ಮ ಸ್ವಾತಂತ್ರ್ಯ ಏನಾಯ್ತು?’ ಅಂತ ಒಬ್ಬರು ಜೋರಾಗಿ ಕೇಳಿದರು. ಕೆಳಗಿನ ಊರಿನವರು ಇದೇ ಪ್ರಶ್ನೆಯನ್ನು ಮೂರನೇ ನಿಯಮಕ್ಕೆ ಕೇಳಿದ್ದರು. ಯಾರ ಹೊಲ ಕಾಲುವೆಯ ಯಾವ ಕಡೆ ಇದೆಯೋ ಅದರ ಮೇಲೆ ಸ್ವಾತಂತ್ರ್ಯ ನೆನಪಾಗುವ ಹೊತ್ತು ಬದಲಾಗುತ್ತದೆ. ನನಗೆ ಈಗ ಇದೇ ದೊಡ್ಡ ವಿಷಯವಾಗಿದೆ. ಹಾಗಾಗಿ ಎರಡೂ ಕಡೆಯ ಹಲಗೆಗಳನ್ನು ಅಳಿಸದೆ ಇಟ್ಟಿದ್ದೇವೆ. ಈ ಬೇಸಿಗೆಯಲ್ಲಿ ಸಿರವಾರದ ಹಲಗೆಯನ್ನು ಕಾರಟಗಿಗೆ ಒಯ್ದು, ಆಟ ಶುರುವಾಗುವ ಮೊದಲೇ ನಿಲ್ಲಿಸುತ್ತೇವೆ. ಗಂಗಾವತಿಯದು ಮಾನ್ವಿಗೆ ಬರುತ್ತದೆ. ಪಟ್ಟಿ ಎತ್ತಲು ಎರಡು ಊರಿನವರು ಒಪ್ಪಿದ್ದಾರೆ, ಸಾರಥಿಯ ಹೊಸ ಮಾತುಗಳ ತಾಲೀಮು ನಡೆದಿದೆ.