ಸೆಕೆಂಡ್ ಹ್ಯಾಂಡ್ ಲೂಯಿ ವಿಟಾನ್ ಬ್ಯಾಗ್ ತಗೊಳ್ಳೋರಿಗೆ
ಅಕ್ಕಾರೇ, ‘ಒರಿಜಿನಲ್ ಅಂತ ಕಾರ್ಡ್ ಐತಿ’ ಅಂದ್ರೆ ಅಲ್ಲೇ ಅನುಮಾನ ಪಡ್ರಿ. ಈ ಕಂಪನಿ ಅಂಥ ಕಾರ್ಡೇ ಕೊಡಲ್ಲ. 2021ರಿಂದ ಡೇಟ್ ಕೋಡ್ (ಎಲ್ಲಿ, ಯಾವಾಗ ಮಾಡಿದ್ದು ಅಂತ ತಿಳಿಸೋ ಅಕ್ಷರ-ಅಂಕಿ) ಬದ್ಲು ಒಳಗೆ ಚಿಪ್ ಇಡ್ತಾರೆ. ‘2023ರ ಬ್ಯಾಗು’ ಅಂತ ಹೇಳಿ ಕೋಡ್ ತೋರಿಸಿದ್ರೆ ಲೆಕ್ಕ ತಾಳೆ ಆಗಲ್ಲ.

ನಾನು ಮೊದ್ಲು ನೋಡೋದು ಹಿಡಿಕೆ. ಕಂದು ಮೊನೊಗ್ರಾಮ್ (LV ಅಕ್ಷರದ ಚಿತ್ತಾರ ಇರೋ) ಬ್ಯಾಗಿನ ಹಿಡಿಕೆ ಹೆಚ್ಚಾಗಿ ಲೇಪ ಹಚ್ಚದ ತಿಳಿಬಣ್ಣದ ತೊಗಲು. ಬಿಸಿಲು, ಕೈಬೆವರು ತಾಗಿ ಬರ್ತಾ ಬರ್ತಾ ಜೇನುಬಣ್ಣಕ್ಕೆ ತಿರುಗ್ತದೆ, ಬಳ್ಳಾರಿ ಬಿಸಿಲಿಗೆ ಕೇಳಬೇಕಾ! ವರ್ಷಗಟ್ಟಲೆ ಬಳಸಿದ್ದು ಅಂತಾರೆ, ಹಿಡಿಕೆ ಮಾತ್ರ ಬೆಳ್ಳಗೆ ಹೊಳೀತಿರ್ತದೆ. ಬದಲಾಯಿಸಿದ್ದಾರಾ ಕೇಳ್ರಿ, ಇಲ್ಲ ಅಂದ್ರೆ ಕೈಬಿಡ್ರಿ.

ಹೊಲಿಗೆ ಸಮ ಇರ್ಬೇಕು, ಎಳೆ ಬಿಟ್ಟಿರಬಾರದು. ಜೀನ್ಸ್ ಹೊಲಿಯೋ ಊರೋರಿಗೆ ಇದನ್ನ ನಾನೇನು ಹೇಳ್ಲಿ. ಬಿಲ್ ಕೇಳ್ರಿ, ಆದ್ರೆ ಬಿಲ್ಲೂ ನಕಲಿ ಮಾಡ್ತಾರೆ. ಬ್ಯಾಗ್ ಕೈಗೆ ಬರೋ ಮುಂಚೆ ಫೋನ್‌ಪೇ ಮಾಡ್ಲೇಬ್ಯಾಡ್ರಿ.