ಆಸ್ಟ್ರೋಸ್ಯಾಟ್‌ನಲ್ಲಿ ಸಮಯ ಕೇಳೋದು ಹೇಗೆ

ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ವೀಕ್ಷಣೆಗೆ ಸಮಯ ಕೇಳಿದ ನನ್ನ ಮೊದಲ ಅರ್ಜಿಗೆ ಬಂದ ಷರಾ ಒಂದೇ ಸಾಲು: 'ಈ ಉಪಗ್ರಹವೇ ಯಾಕೆ?' ಎಂಟು ದಿನ ಕೂತು ಬರೆದಿದ್ದೆ, ಅದೊಂದನ್ನೇ ಬರೆದಿರಲಿಲ್ಲ.

ಹಾಗಾಗಿ ಮೊದಲು ಅದಕ್ಕೇ ಉತ್ತರ ಬರೆಯಿರಿ. ಉದಾಹರಣೆಗೆ ಜಿಆರ್‌ಎಸ್ 1915+105 ಕಪ್ಪುಕುಳಿಯ ಎಕ್ಸ್-ಕಿರಣ ಕೆಲವೊಮ್ಮೆ ಸೆಕೆಂಡಿಗೆ ಸುಮಾರು 67 ಬಾರಿ ಮಿಡಿಯುತ್ತದೆ. ಅದನ್ನು ಹಿಡಿಯಲು ಈ ಉಪಗ್ರಹದ ಲ್ಯಾಕ್ಸ್‌ಪಿಸಿ ಬೇಕು. 3ರಿಂದ 80 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗಿನ ಶಕ್ತಿಯ ಎಕ್ಸ್-ಕಿರಣ ನೋಡುವ, ಸಮಯವನ್ನು ಮೈಕ್ರೋಸೆಕೆಂಡುಗಳಲ್ಲಿ ಅಳೆಯುವ ಉಪಕರಣ ಅದು. ಹೀಗೆ ನೇರವಾಗಿ ಹೇಳಿ. 'ಕಪ್ಪುಕುಳಿಗಳು ವಿಸ್ಮಯಕಾರಿ' ಅಂತೆಲ್ಲ ಪೀಠಿಕೆ ಬೇಡ, ಓದುವವರಿಗೂ ಗೊತ್ತು.

ಆಮೇಲೆ ಲೆಕ್ಕ. ನಾಸಾದ ವೆಬ್‌ಪಿಮ್ಸ್ ಪುಟಕ್ಕೆ ಆಕರದ (ಅಂದರೆ ನೀವು ನೋಡಬೇಕಾದ ಕಾಯದ) ಹೊಳಪು, ರೋಹಿತದ ಆಕಾರ, ದಾರಿಯಲ್ಲಿರುವ ಹೈಡ್ರೋಜನ್ ಪ್ರಮಾಣ ಕೊಟ್ಟರೆ ಸೆಕೆಂಡಿಗೆ ಎಷ್ಟು ಫೋಟಾನ್ ಎಣಿಕೆ ಬರುತ್ತದೆಂದು ಸಿಗುತ್ತದೆ. ಅದರಿಂದ ಬೇಕಾದ ಸಮಯ ತೆಗೆಯಿರಿ. ಇಲ್ಲೇ ಎಲ್ಲರೂ ಎಡವೋದು. ಉಪಗ್ರಹ ಸುಮಾರು 98 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಭೂಮಿ ಅಡ್ಡ ಬಂದಾಗ, ದಕ್ಷಿಣ ಅಟ್ಲಾಂಟಿಕ್‌ನ ವಿಕಿರಣ ಪ್ರದೇಶ ದಾಟುವಾಗ ವೀಕ್ಷಣೆ ನಿಲ್ಲುತ್ತದೆ. 40,000 ಸೆಕೆಂಡಿನ ದತ್ತಾಂಶ ಬೇಕೆಂದರೆ ಹೆಚ್ಚುಕಮ್ಮಿ ಇಡೀ ದಿನ ಹೋಯಿತು ಅಂತಲೇ ಲೆಕ್ಕ.

ಆಕಾಶದಲ್ಲಿ ಸೂರ್ಯ ನಿಮ್ಮ ಆಕರದ ಹತ್ತಿರ ಕಾಣುವ ತಿಂಗಳುಗಳಲ್ಲಿ ಅದು ಸಿಗುವುದಿಲ್ಲ, ದಿನಾಂಕ ನೋಡಿಕೊಳ್ಳಿ. ಉಪಗ್ರಹದ ಅತಿನೇರಳೆ ದೂರದರ್ಶಕ ಯೂವಿಟ್ ಕೂಡ ಬಳಸುವುದಾದರೆ ಅದರ ಅರ್ಧ ಡಿಗ್ರಿಯಷ್ಟು ಕ್ಷೇತ್ರದಲ್ಲಿ ಪ್ರಖರ ನಕ್ಷತ್ರ ಇದೆಯೇ ಪರೀಕ್ಷಿಸಿ. ಇದ್ದರೆ ಅದರ ಸೂಕ್ಷ್ಮ ಪತ್ತೆಕಾರಕಕ್ಕೆ ಅಪಾಯ.

ಎಲ್ಲಕ್ಕಿಂತ ಮೊದಲು ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ಸಂಗ್ರಹ ಹುಡುಕಿ. ನನ್ನ ಎರಡನೇ ಅರ್ಜಿಗೆ ಬೇಕಿದ್ದ ಅರ್ಧ ಅಲ್ಲೇ ಬಿದ್ದಿತ್ತು.